ದೊರೆಯ ತುರಿಕೆ

ಪಶುವೈದ್ಯರು ಅವಳು ತಂದಿದ್ದ ಬೆಕ್ಕು ದೊರೆಯ ಕತ್ತಿನ ಕೂದಲು ಸರಿಸಿ ನೋಡಿ ನಿಟ್ಟುಸಿರು ಬಿಟ್ಟರು. ಒಣಗುತ್ತಾ ಬಂದಿದ್ದ ಗಾಯ ಮತ್ತೆ ಕೆಂಪಾಗಿ ಒಸರುತ್ತಿತ್ತು. ಕಿವಿಯ ಹಿಂದೆ ಪರಚಿ ಪರಚಿ ಬೋಳಾಗಿತ್ತು.

“ನಾನು ಹೇಳಿದ್ದು ಬಿಟ್ಟು ಬೇರೇನಾದ್ರೂ ತಿನ್ನಿಸಿದ್ರಾ?”

“ಇಲ್ಲ ಡಾಕ್ಟ್ರೇ. ನೀವು ಕೊಟ್ಟ ಪೊಟ್ಟಣದ್ದೇ. ಚಿಗಟಕ್ಕೆ ಔಷಧಿ ಹಾಕಿದೆ, ಸೋಪು ಬದಲಾಯಿಸಿದೆ, ಹೊದಿಕೆಯೆಲ್ಲ ಬಿಸಿನೀರಲ್ಲಿ ಒಗೆದೆ. ಇನ್ನೇನು ಮಾಡ್ಲಿ ಹೇಳಿ.”

“ಊಟ ಬದಲಾಯಿಸಿದಾಗ ವಾಸಿಯಾಗ್ತಿತ್ತಲ್ಲ. ಅಂದ್ರೆ ಇದು ಹೊಟ್ಟೆಗೆ ಹೋಗೋದ್ರಿಂದಾನೇ. ಮನೇಲಿ ಯಾರೋ ಏನೋ ಕೊಡ್ತಿದಾರೆ ಕಣಮ್ಮ.”

“ನಮ್ಮನೆಯವರು ಲಾರಿ ಮೇಲೆ ಹೋದ್ರೆ ಬರೋದೇ ಅಪರೂಪ. ಇರೋದು ನಾನು, ನಮ್ಮತ್ತೆ. ಅವರು ಕೋಣೆ ಬಿಟ್ಟು ಈಚೆ ಬರಲ್ಲ.”

ವೈದ್ಯರು ಮುಲಾಮು ಬರೆದುಕೊಟ್ಟರು.

ಅವಳ ಕೆಲಸ ಕನ್ನಡಕದಂಗಡಿಯಲ್ಲಿ, ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು. ಸಂಜೆಯ ಹೊತ್ತಿಗೆ ಕಣ್ಣಲ್ಲಿ ಮರಳು ಹೊಯ್ದ ಹಾಗಾಗುತ್ತಿತ್ತು. ಸೊಂಟ ಮುರಿದುಕೊಂಡ ಮೇಲೆ ಅತ್ತೆ ಮೆಟ್ಟಿಲಿಳಿದಿರಲಿಲ್ಲ. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗಿ, ಬಾಗಿಲು ಹಾಕಿಕೊಂಡು ತಾವೇ ಸ್ನಾನ ಮಾಡುತ್ತಿದ್ದರು. ಸಹಾಯಕ್ಕೆ ಹೋದರೆ “ನಿನಗ್ಯಾಕೆ ಇನ್ನೊಂದು ಕೆಲಸ” ಎಂದು ಗದರುತ್ತಿದ್ದರು. ಕೆಲಸಕ್ಕೆ ಹೊರಡುವ ಮುಂಚೆ ಅವಳು ಅತ್ತೆಗೆಂದು ಬೇಯಿಸಿದ ಮೊಟ್ಟೆ, ಹಾಲಲ್ಲಿ ನೆನೆಸಿದ ಬ್ರೆಡ್ಡು ಕಿವುಚಿ ಬಟ್ಟಲಲ್ಲಿಟ್ಟು ಹೋಗುತ್ತಿದ್ದಳು. ಸಂಜೆ ಬಂದರೆ ಬಟ್ಟಲು ತೊಳೆದಿಟ್ಟ ಹಾಗೆ ಖಾಲಿ. ರಾತ್ರಿ ಊಟಕ್ಕೆ ಕರೆದರೆ, “ಮಧ್ಯಾಹ್ನದ್ದೇ ಇನ್ನೂ ಭಾರ ಅನ್ನಿಸ್ತಿದೆ, ಚಹಾ ಸಾಕು” ಎನ್ನುತ್ತಿದ್ದರು. ಒಬ್ಬರಾದರೂ ಸರಿಯಾಗಿ ಉಣ್ಣುತ್ತಿದ್ದಾರಲ್ಲ ಎಂದು ಅವಳಿಗೆ ಸಮಾಧಾನ.

ಒಂದು ದಿನ ಅಂಗಡಿಯ ಯಂತ್ರ ಕೆಟ್ಟಿತು. ಅವಳು ಮಧ್ಯಾಹ್ನವೇ ಮನೆಗೆ ಬಂದು ಬೀಗ ತೆಗೆದಾಗ ಕೋಣೆಯಿಂದ ಅತ್ತೆಯ ದನಿ ಕೇಳಿಸಿತು.

“ನಿಧಾನ ಕಣೋ ದೊರೆ, ಗಂಟಲಿಗೆ ಸಿಕ್ಕೀತು.”

ಬೆಕ್ಕು ಹಾಸಿಗೆಯ ಮೇಲೆ ಕೂತು ಬಟ್ಟಲಲ್ಲಿ ಮೂತಿ ಹಾಕಿತ್ತು. ಮೀಸೆಗೆಲ್ಲ ಮೊಟ್ಟೆಯ ಹಳದಿ.

“ಅಯ್ಯೋ ಅತ್ತೆ, ನೀವೇನಾ ಕೊಡ್ತಿದ್ದದ್ದು? ಇದನ್ನ ಹೊತ್ಕೊಂಡು ನಾನು ಅಲೆದದ್ದೆಷ್ಟು ಗೊತ್ತಾ?” ಜಗಳಕ್ಕೆ ಬೇಕಾದಷ್ಟು ಮಾತು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಅವಳ ಕಣ್ಣು ಬಟ್ಟಲಿನ ತಳಕ್ಕೆ ಹೋಯಿತು. “ಅಷ್ಟೂ ಇದಕ್ಕೇ ಹಾಕಿದ್ರಾ?”

ಅತ್ತೆ ಹೊದಿಕೆಯ ಅಂಚನ್ನು ಮಡಚುತ್ತಾ ಕೂತರು.

“ನುಂಗೋಕಾಗಲ್ಲ ಕಣೇ. ಇಲ್ಲಿ, ಎದೆ ಹತ್ರ ನಿಂತುಬಿಡುತ್ತೆ. ಚಹಾ ಹೇಗೋ ಇಳಿಯುತ್ತೆ.”

“ಯಾವಾಗಿಂದ?”

“ದೊರೆ ಮತ್ತೆ ಕೆರ್ಕೊಳ್ಳೋಕೆ ಶುರು ಮಾಡಿದನಲ್ಲ, ಆವಾಗಿಂದ ಅಂತಿಟ್ಕೋ.”

“ಒಂದು ಮಾತು ಹೇಳೋದಲ್ವಾ?”

“ಹೇಳಿದ್ರೆ ಆಸ್ಪತ್ರೆ ಅಂತೀಯ. ಬೆಕ್ಕಿಗೊಂದು ಆಸ್ಪತ್ರೆ, ನನಗೊಂದು ಆಸ್ಪತ್ರೆ. ನಿನಗಿರೋದು ಎರಡೇ ಕಾಲು.” ಅತ್ತೆ ನಗಲು ನೋಡಿದರು. “ಚೆಲ್ಲಿದ್ರೆ ನಿನಗೆ ಗೊತ್ತಾಗ್ತಿತ್ತು. ಪಾಪ, ತುರಿಸುತ್ತೆ ಅಂತ ಅದಕ್ಕೇನು ತಿಳಿಯುತ್ತೆ. ಖುಷಿಯಾಗಿ ತಿಂತಿತ್ತು.”

ಅವಳು ಹಾಸಿಗೆಯ ಅಂಚಿನಲ್ಲಿ ಕೂತಳು. ಬೆಕ್ಕಿನ ಮೂತಿಯನ್ನು ಕೈಯಿಂದಲೇ ಒರೆಸಿದಳು. ಎದ್ದು, ಬೆಕ್ಕನ್ನು ಅಡುಗೆಮನೆಗೆ ಬಿಟ್ಟು ಕದ ಮುಚ್ಚಿ ಬಂದು, ಅತ್ತೆಯ ಚಪ್ಪಲಿ ಹುಡುಕಿದಳು. ಅದು ಮಂಚದ ಕೆಳಗೆ ಧೂಳು ಹಿಡಿದು ಬಿದ್ದಿತ್ತು.

“ನಾಳೆ ಹೋದ್ರಾಯ್ತು,” ಎಂದರು ಅತ್ತೆ.

“ಈಗಲೇ. ನನ್ನ ಕತ್ತು ಹಿಡ್ಕೊಳ್ಳಿ.”

ಮೂರು ಮಹಡಿ ಇಳಿಯಬೇಕು. ನಡುವೆ ಎಲ್ಲಾದರೂ ಕೂರಿಸಿ ಸುಧಾರಿಸಿಕೊಳ್ಳಬೇಕಾದೀತು ಎಂದುಕೊಂಡು ಅವಳು ಅತ್ತೆಯನ್ನು ಬೆನ್ನಿಗೆ ಹಾಕಿಕೊಂಡಳು. ಎಲ್ಲೂ ನಿಲ್ಲಬೇಕಾಗಿ ಬರಲಿಲ್ಲ; ಬೆನ್ನ ಮೇಲೆ ಭಾರವೇ ಇರಲಿಲ್ಲ. ಕೆಳಗೆ ಬಂದ ಮೇಲೂ ಇಳಿಸದೆ, ಬಿಸಿಲಲ್ಲಿ ಗಾಡಿ ಕಾಯುತ್ತಾ ಹಾಗೇ ನಿಂತಳು.