ಯೂಲೆ ಬೇಗ ಮನೆಗೆ ಹೋದರೆ

ಹೆನ್ನಿಂಗ್ ಶಿಶುವಿಹಾರದ ಬಾಗಿಲಲ್ಲಿ ಬಂದು ನಿಂತಾಗ ಮಕ್ಕಳಿನ್ನೂ ತಿಂಡಿಯ ಡಬ್ಬಿ ಮುಚ್ಚಿರಲಿಲ್ಲ. ಮೈಮೇಲೆ ಅಣುಸ್ಥಾವರದ ನೀಲಿ ಅಂಗಿ. ಕೆಲಸದ ಹೊತ್ತಿನಲ್ಲಿ ಅವನು ಅಲ್ಲಿಗೆ ಎಂದೂ ಬಂದವನಲ್ಲ.

"ಯೂಲೆನ ಕರ್ಕೊಂಡು ಹೋಗ್ತೀನಿ. ಹಲ್ಲಿನ ಡಾಕ್ಟ್ರ ಹತ್ರ."

"ಮಿಠಾಯಿ ತಿನ್ಸೋನೂ ಅಪ್ಪ, ಡಾಕ್ಟ್ರ ಹತ್ರ ಓಡೋನೂ ಅಪ್ಪ," ಎಂದು ವೀಬ್ಕೆ ನಕ್ಕಳು. ಅವಳು ಅಲ್ಲಿನ ಶಿಕ್ಷಕಿ, ಅವನ ತಂಗಿ.

ಅವನು ನಗಲಿಲ್ಲ. ಮಗಳ ಬೂಟುಗಳನ್ನು ಎಡಬಲ ಅದಲುಬದಲು ಮಾಡಿ ಹಾಕಿದ. ಎದ್ದವನು, "ನೀನೂ ಬಾರೆ," ಎಂದ.

"ನಾನ್ಯಾಕೆ? ಈ ಸೈನ್ಯಾನ ಯಾರು ನೋಡ್ಕೋತಾರೆ, ನಿನ್ನ ಡಾಕ್ಟ್ರಾ?"

ಅವನು ಮಕ್ಕಳನ್ನೆಲ್ಲ ಒಮ್ಮೆ ನೋಡಿದ. ಆಮೇಲೆ ನೆಲ ನೋಡಿದ. ಹೊರಟುಹೋದ.

ಸಂಜೆ ರೇಡಿಯೊ ಸುದ್ದಿ ಹೇಳಿತು. ಒಂದು ಪ್ರಯಾಣಿಕರ ವಿಮಾನ ಬೆಳಿಗ್ಗೆ ನೆಲದ ರೇಡಿಯೊ ಕರೆಗೆ ಓಗೊಡದೆ ಹಾರುತ್ತಿತ್ತು, ಅಪಹರಣವಾಗಿರಬಹುದೆಂದು ಯುದ್ಧವಿಮಾನಗಳು ಮೇಲೇರಿದವು, ದಾರಿಯಲ್ಲಿದ್ದ ಅಣುಸ್ಥಾವರಗಳಲ್ಲಿ ಬೇಕಾದಷ್ಟೇ ಜನರನ್ನು ಉಳಿಸಿಕೊಂಡು ಮಿಕ್ಕವರನ್ನು ಹೊರಗೆ ಕಳಿಸಲಾಯಿತು. ಕೊನೆಗೆ ನೋಡಿದರೆ ವಿಮಾನದವರು ರೇಡಿಯೊವನ್ನು ತಪ್ಪಾಗಿ ಹೊಂದಿಸಿದ್ದರಂತೆ.

ನದಿದಂಡೆಯ ಆ ಹಳೆಯ ಸ್ಥಾವರದ ಗೋಡೆ ದೊಡ್ಡ ವಿಮಾನದ ಹೊಡೆತ ತಡೆಯುವಂಥದಲ್ಲ ಎಂಬುದು ಊರಿಗೆ ಗೊತ್ತಿದ್ದದ್ದೇ. ಹಿಂದೊಮ್ಮೆ ಸಭೆಯಲ್ಲಿ ಕೇಳಿದಾಗ ಅಧಿಕಾರಿಗಳು, ಗೋಡೆಯ ದಪ್ಪ ರಹಸ್ಯ, ಆದರೆ ವಿಮಾನ ಬಂದರೆ ಯಂತ್ರದಿಂದ ಮಂಜು ಹಬ್ಬಿಸಿ ಸ್ಥಾವರವನ್ನೇ ಮರೆಮಾಡುತ್ತೇವೆ ಎಂದಿದ್ದರು. "ನಮ್ಮೂರಲ್ಲಿ ದೇವ್ರೇ ಪುಕ್ಕಟೆ ಮಂಜು ಕೊಡ್ತಾನಲ್ಲ ಸ್ವಾಮಿ," ಎಂದು ಕೋಸು ಬೆಳೆಯುವ ರೈತನೊಬ್ಬ ಹೇಳಿದ್ದ. ಎಲ್ಲರೂ ನಕ್ಕು ಮನೆಗೆ ಹೋಗಿದ್ದರು.

ವೀಬ್ಕೆ ಅಣ್ಣನ ಅಡುಗೆಮನೆಯಲ್ಲಿ ಕೋಟು ಕೂಡ ಬಿಚ್ಚದೆ ನಿಂತಳು.

"ಯಾಕೆ ಹೇಳ್ಲಿಲ್ಲ?"

"ಹೇಳಬಾರ್ದು ಅಂತ ನಿಯಮ ಇದೆ. ಊರು ಗಾಬರಿಬಿದ್ರೆ ರಸ್ತೆಯೆಲ್ಲ ಕಟ್ಕೊಂಡುಬಿಡುತ್ತೆ."

"ಸದ್ಯ, ನಿನಗೆ ರಸ್ತೆ ಖಾಲಿ ಇತ್ತು."

"ನಿನ್ನನ್ನೂ ಕರೆದೆ ಮಾರಾಯ್ತಿ."

"ಕರೆದೆ. ಅಷ್ಟೂ ಮಕ್ಕಳನ್ನ ಬಿಟ್ಟು ಬಾ ಅಂತ ಕರೆದೆ. ಯಾಕೆ ಅಂತ ಮಾತ್ರ ಬಾಯಿಬಿಡಲಿಲ್ಲ."

"ಏನೂ ಆಗ್ಲಿಲ್ವಲ್ಲ," ಎಂದ ಹೆನ್ನಿಂಗ್. ಆ ಮಾತಿಗೂ ಅವಳ ಸಿಟ್ಟು ಇಳಿಯಲಿಲ್ಲ.

ಹೆನ್ನಿಂಗ್ ಮಗಳನ್ನು ಕರೆದೊಯ್ದದ್ದನ್ನು ಎದುರಿನ ಬೇಕರಿಯ ಅನ್ನೆಗ್ರೆಟ್ ನೋಡಿದ್ದಳು. ಅವಳ ಅವಳಿಮಕ್ಕಳೂ ಅಂದು ಶಿಶುವಿಹಾರದಲ್ಲೇ ಇದ್ದವು. ಜಗಳಕ್ಕೆ ಬರುತ್ತಾಳೆಂದುಕೊಂಡರೆ, ನಾಲ್ಕಾರು ತಾಯಂದಿರನ್ನು ಕಟ್ಟಿಕೊಂಡು ಮೆತ್ತಗೆ ಬಂದಳು.

"ನಿಮ್ಮಣ್ಣನ ಮೇಲೆ ನಮಗೇನೂ ಸಿಟ್ಟಿಲ್ಲ ವೀಬ್ಕೆ. ನಾವಾಗಿದ್ರೂ ಅದನ್ನೇ ಮಾಡ್ತಿದ್ವಿ. ಒಂದು ಉಪಕಾರ ಮಾಡಿ. ಇನ್ಮೇಲೆ ಯೂಲೆ ಬೇಗ ಮನೆಗೆ ಹೋದ್ರೆ ನಮಗೂ ಒಂದು ಫೋನ್ ಮಾಡಿ."

ವೀಬ್ಕೆ ಒಪ್ಪಿದಳು. ಊರಿಗೆ ಹೊಸ ಸೈರನ್ ಸಿಕ್ಕಿತು. ಅದಕ್ಕೆ ಎರಡು ಜಡೆ.

ಕೋಸಿನ ಕೊಯ್ಲಿನ ದಿನಗಳಲ್ಲಿ ಒಂದು ಮಧ್ಯಾಹ್ನ ಯೂಲೆಯ ಮೈ ಕಾದ ಹಂಚಾಯಿತು. ಹೆನ್ನಿಂಗ್‌ಗೆ ಫೋನ್ ಮಾಡಿ ಕರೆಸಿದವಳು ವೀಬ್ಕೆಯೇ. ಅವನು ಬಂದ, ಅದೇ ನೀಲಿ ಅಂಗಿಯಲ್ಲಿ, ಏದುಸಿರು ಬಿಡುತ್ತ.

"ಬರೀ ಜ್ವರ ತಾನೆ?" ಎಂದಳು ವೀಬ್ಕೆ.

"ನನ್ನ ಕೇಳ್ತೀಯಲ್ಲ! ಕರೆದೋಳು ನೀನೇ ಅಲ್ವೇನೆ?"

"ಇಷ್ಟು ಬೇಗ ಹೇಗೆ ಬಂದೆ?"

"ಮಗಳಿಗೆ ಹುಷಾರಿಲ್ಲ ಅಂದ್ರೆ ತೆವಳ್ಕೊಂಡು ಬರ್ಲಾ?"

"ಆಣೆ ಮಾಡು."

ಅವನು ತಂಗಿಯ ಮುಖವನ್ನೇ ನೋಡಿದ. ಹೆಗಲಿಗೊರಗಿದ್ದ ಮಗಳ ತಲೆ ಮುಟ್ಟಿ, "ಇವಳಾಣೆ," ಎಂದ.

ಮಗುವಿನ ಹಣೆ ಮುಟ್ಟಿದ ಬಿಸಿ ವೀಬ್ಕೆಯ ಅಂಗೈಯಲ್ಲಿ ಇನ್ನೂ ಇತ್ತು. ಆದರೂ ಕಾರು ತಿರುವು ದಾಟುತ್ತಲೇ ಅವಳು ಫೋನ್ ಎತ್ತಿಕೊಂಡಳು. ಜ್ವರ ಎಂದು ಹೇಳಿದರೂ ಯಾರೂ ನಂಬುವುದಿಲ್ಲವೆಂದು ಗೊತ್ತಿತ್ತು. ಅನ್ನೆಗ್ರೆಟ್ ಫೋನ್ ಎತ್ತಿದಾಗ ವೀಬ್ಕೆ ಯೂಲೆ ಮನೆಗೆ ಹೋದಳು ಎಂದಷ್ಟೇ ಹೇಳಿದಳು, ಜ್ವರದ ಮಾತು ಎತ್ತಲೂ ಇಲ್ಲ.

ನದಿ ಏರಿಯ ಮೇಲೆ ಕಾರುಗಳು ಒಂದಕ್ಕೊಂದು ಸಿಕ್ಕಿಕೊಂಡು ನಿಂತವು. ಮೇಯುತ್ತಿದ್ದ ಕುರಿಗಳು ಚೆದುರಿದವು. ತಾಯಂದಿರು ಮಕ್ಕಳನ್ನು ಕೋಟೂ ಹಾಕಿಸದೆ ಎತ್ತಿಕೊಂಡು ಓಡಿದರು. ಕೊನೆಗೆ ಉಳಿದವಳು ಫೆನ್ಯಾ ಒಬ್ಬಳೇ. ಅವಳ ಅಮ್ಮ ನದಿ ದಾಟಿಸುವ ದೋಣಿಯಲ್ಲಿ ಟಿಕೆಟು ಹರಿಯುವವಳು. ನಡುನೀರಿನಲ್ಲಿ ಫೋನ್ ಸಿಗುವುದಿಲ್ಲ.

"ಎಲ್ರೂ ಹೋದ್ರಾ? ಹಾಗಾದ್ರೆ ಉಯ್ಯಾಲೆ ಪೂರ್ತಿ ನಂಗೇನಾ?"

ವೀಬ್ಕೆ ಅವಳನ್ನು ಕೂರಿಸಿ ತೂಗತೊಡಗಿದಳು. ಮಗು ಮೇಲೇರಿದಾಗಲೆಲ್ಲ ಅವಳ ಕಣ್ಣು ಮಗುವನ್ನು ದಾಟಿ ಇನ್ನೂ ಮೇಲಕ್ಕೆ ಹೋಗುತ್ತಿತ್ತು.

"ಏನ್ ನೋಡ್ತಿದ್ದೀಯ ವೀಬ್ಕೆ?"

"ಏನಿಲ್ಲ ಪುಟ್ಟಿ."

ಹೇಳಬಾರದೆಂದು ಅವಳಿಗೆ ಯಾರೂ ನಿಯಮ ಮಾಡಿರಲಿಲ್ಲ.