ಎಡಗೈ ಕೇಳಿದ್ದು

ನೀಲಮ್ಮ ಟ್ರಂಕಿನ ತಳದವರೆಗೂ ಕೈ ಹಾಕಿ ತಡಕಾಡುತ್ತಿದ್ದಳು. ಪಡಸಾಲೆಯಲ್ಲಿ ಅಯ್ಯನವರು ಗುರುಸಿದ್ದಯ್ಯ ಅವಳ ಗಂಡನ ದೇಹವನ್ನು ಗೋಡೆಗೆ ಒರಗಿಸಿ ಕೂರಿಸಿ ವಿಭೂತಿ ಹಚ್ಚಿದ್ದರು. ಉಡಿಸಲು ಮಡಿ ಪಂಚೆ ಬೇಕೆಂದು ಎರಡು ಸಲ ಕೂಗಿಯೂ ಆಗಿತ್ತು. ಏಕಾಂತಯ್ಯ ಬದುಕಿದ್ದಷ್ಟು ದಿನ ಈ ಟ್ರಂಕಿನ ಬೀಗದ ಕೈಯನ್ನು ಉಡುದಾರಕ್ಕೆ ಕಟ್ಟಿಕೊಂಡೇ ಓಡಾಡಿದವನು. ಸತ್ತ ಮೇಲೆ ಅದನ್ನು ಬಿಚ್ಚಿಕೊಳ್ಳಬೇಕಾಗಿ ಬಂದದ್ದೇ ಅವಳಿಗೆ ಮೊದಲ ಸಿಟ್ಟು.

ಪಂಚೆ ಸಿಕ್ಕಿತು. ಅದರ ಕೆಳಗೆ ಕಾಲೇಜಿನ ಹಳೆಯ ಖಾಕಿ ಕೋಟು, ಕೋಟಿನ ಮಡಿಕೆಯೊಳಗೆ ಏನೋ ಗಟ್ಟಿ. ಬಿಚ್ಚಿ ನೋಡಿದರೆ ಅಂಗೈ ತುಂಬುವಷ್ಟು ದೊಡ್ಡ ಬೂದು ಬಣ್ಣದ ಕಲ್ಲು. ಅಡಿ ಚಪ್ಪಟೆ, ಮೇಲೆ ಗುಂಡಗೆ ಉಬ್ಬು. ನೆತ್ತಿಯಿಂದ ಐದು ಎಸಳಿನ ಹೂ ಬಿಡಿಸಿದ ಹಾಗೆ ಚುಕ್ಕಿಚುಕ್ಕಿ ಗೆರೆಗಳು. ಬದಿಯಲ್ಲಿ ಬಿಳಿ ಬಣ್ಣದಲ್ಲಿ ಬರೆದ ನಂಬರು, ೨೧೪.

ಆ ಕಲ್ಲನ್ನು ಅವಳು ಹಿಂದೆ ಕಣ್ಣಾರೆ ಕಂಡವಳಲ್ಲ. ಆದರೂ ಅದೇನೆಂದು ತಿಳಿಯಲು ಅರೆಗಳಿಗೆ ಹಿಡಿಯಲಿಲ್ಲ. ಒಂಬತ್ತು ವರ್ಷದಿಂದ ಈ ಮನೆಯ ಮಾನ ತಿಂದದ್ದು ಇದೇ.

"ಹಂಗಾದ್ರೆ ನೀವೇ ತಗೊಂಡಿದ್ರಿ," ಎಂದಳು, ಗೋಡೆಯಾಚೆ ಕೂತಿದ್ದ ಗಂಡನಿಗೆ. ಇನ್ನು ಯಾರನ್ನು ಕೇಳುವುದು?

*

ಐವತ್ತೆರಡನೆಯ ಇಸವಿಯಲ್ಲಿ ಏಕಾಂತಯ್ಯ ಕಾಲೇಜಿನ ಕಲ್ಲಿನ ಕೋಣೆಗೆ ಅಟೆಂಡರ್. ಗಾಜಿನ ಬೀರುಗಳೊಳಗಿನ ಪಳೆಯುಳಿಕೆಗಳ ಧೂಳು ಒರೆಸುವುದು, ಚೀಟಿಗಳನ್ನು ನೆಟ್ಟಗೆ ಇಡುವುದು ಅವನ ಕೆಲಸ. ಸಂಜೆ ನಜರ್‌ಬಾದಿನ ಮನೆಗೆ ಬಂದರೆ ಅವುಗಳದ್ದೇ ಮಾತು. ಅದರಲ್ಲೂ ಇನ್ನೂರ ಹದಿನಾಲ್ಕು ಅವನ ಮುದ್ದಿನದು. "ಅದು ಕಲ್ಲಲ್ಲ ಕಣೇ, ಪ್ರಾಣಿ. ಸಮುದ್ರದ ತಳದಲ್ಲಿತ್ತು, ಮೈಯೆಲ್ಲಾ ಮುಳ್ಳು. ಕೋಟಿ ಕೋಟಿ ವರ್ಷ ಆಯ್ತು, ಮುಳ್ಳು ಉದುರೋಯ್ತು, ಇದು ಉಳ್ಕೊಂತು," ಎನ್ನುತ್ತಿದ್ದ. ಮುಳ್ಳು ಉದುರಲು ಅಷ್ಟು ಕಾಲ ಬೇಕಾದರೆ ನಿಮ್ಮವ್ವನದು ಯಾವಾಗ ಉದುರುತ್ತದೋ ಎಂದು ಅವಳು ಛೇಡಿಸಿದರೆ ಅವನೂ ನಗುತ್ತಿದ್ದ.

ಆ ವರ್ಷ ಇಂಥ ಕಲ್ಲುಗಳನ್ನು ಕೂಡಿಡುವ ಹುಚ್ಚಿನ ಸಾಹುಕಾರನೊಬ್ಬ ಮುಂಬಯಿಯಿಂದ ಬಂದ. ವಿಭಾಗದ ದೊಡ್ಡ ಮೇಷ್ಟ್ರು ಅವನನ್ನು ಮೆಚ್ಚಿಸಲು ಇನ್ನೂರ ಹದಿನಾಲ್ಕನ್ನು ಉಡುಗೊರೆಯಾಗಿ ಕೊಡುವುದೆಂದು ಒಪ್ಪಿ, ಹತ್ತಿ ಸುತ್ತಿ ಕಟ್ಟಲು ಏಕಾಂತಯ್ಯನಿಗೇ ಹೇಳಿದರು. ಕೋಣೆಯ ಸ್ವತ್ತನ್ನು ಕೊಡಲು ಇವರು ಯಾರು ಎಂದು ಅವನು ಮನೆಯಲ್ಲಿ ಹಾರಾಡಿದ. ಮಾರನೆಯ ದಿನ ಬೀರುವಿನಲ್ಲಿ ಕಲ್ಲು ಇರಲಿಲ್ಲ.

ಏಕಾಂತಯ್ಯನೇ ಬೇರೆ ಯಾರಿಗೋ ಹೆಚ್ಚಿನ ದುಡ್ಡಿಗೆ ಮಾರಿಕೊಂಡ ಎಂದು ಸುದ್ದಿಯಾಯಿತು. ಸಾಕ್ಷಿ ಇಲ್ಲದ್ದಕ್ಕೆ ಕೆಲಸ ಉಳಿಯಿತು. ಆದರೆ ಕಲ್ಲಿನ ಕೋಣೆಯಿಂದ ತೆಗೆದು ಗಂಟೆ ಹೊಡೆಯಲು ಹಾಕಿದರು. ನೀಲಮ್ಮ ಕೇಳಿದಾಗೆಲ್ಲ ಅವನದು ಒಂದೇ ಮಾತು, "ನಾನು ಮಾರಿಲ್ಲ." ಬೀದಿ ನಲ್ಲಿಯ ಹತ್ತಿರ ಎದುರು ಮನೆಯ ಗಿರಿಜಾಂಬಾ ಒಂದು ದಿನ, ಕಲ್ಲು ಮಾರಿ ಉಂಡವರಿಗೆ ನೀರೂ ಮೊದಲೇ ಬೇಕೇನೋ ಎಂದಳು. ನೀಲಮ್ಮ ಕೊಡ ಇಳಿಸಿ, ಕೊರಳ ಲಿಂಗ ಹಿಡಿದು, ನನ್ನ ಗಂಡ ಆ ಕಲ್ಲನ್ನು ಮುಟ್ಟಿಲ್ಲ ಎಂದು ಹತ್ತು ಜನರೆದುರು ಆಣೆ ಇಟ್ಟಳು. ಬಾಗಿಲಲ್ಲಿ ನಿಂತು ಕೇಳಿದ ಏಕಾಂತಯ್ಯ ಆವತ್ತು ಊಟ ಮುಟ್ಟಲಿಲ್ಲ. ಅವಮಾನಕ್ಕೆ ನೊಂದ ಎಂದುಕೊಂಡಿದ್ದಳು.

*

ಹೋದ ತಿಂಗಳು ಶನಿವಾರ ಆ ದೊಡ್ಡ ಮೇಷ್ಟ್ರು ನಿವೃತ್ತರಾದರು. ಸೋಮವಾರ ಬೆಳಿಗ್ಗೆ ಏಕಾಂತಯ್ಯ ಸ್ನಾನ ಮಾಡಿ ಬಂದು ಇದೇ ಟ್ರಂಕಿನ ಮುಂದೆ ಕುಸಿದ. ಲಕ್ವ ಹೊಡೆದು ಬಲಭಾಗ ಹೋಯಿತು, ಮಾತು ಹೋಯಿತು.

ಇಪ್ಪತ್ತೆರಡು ದಿನ ಅವನು ಎಡ ಅಂಗೈಯನ್ನು ಬಟ್ಟಲು ಮಾಡಿ ಅವಳತ್ತ ಚಾಚುತ್ತಿದ್ದ. ಲಿಂಗ ಕಟ್ಟಿದವರ ಮನೆಯಲ್ಲಿ ಹಾಗೆ ಎಡಗೈ ಚಾಚಿದರೆ ಪೂಜೆಗೆಂದೇ ಅರ್ಥ. ಅವಳು ನೀರು, ಪತ್ರೆ, ವಿಭೂತಿ ತಂದು ಅವನ ಲಿಂಗವನ್ನು ಆ ಅಂಗೈಯಲ್ಲಿಡುತ್ತಿದ್ದಳು. ಅವನು ಕಣ್ಣೀರು ಸುರಿಸುತ್ತಿದ್ದ. ಎಂಥ ಭಕ್ತಿ ಎಂದು ನೋಡಲು ಬಂದವರು ಕೈಮುಗಿದರು. ಗುರುಸಿದ್ದಯ್ಯನವರೂ ಪುಣ್ಯಾತ್ಮ ಎಂದರು. ಲಿಂಗವನ್ನು ಎತ್ತಿಕೊಂಡ ಮೇಲೆ ಅವನು ಅದೇ ಕೈಯಿಂದ ಮಂಚ ಗುದ್ದುತ್ತಿದ್ದ. ದಿನಕ್ಕೆ ನಾಲ್ಕು ಸಲ ಪೂಜೆ ಸಾಲದೇ ಎಂದು ಅವಳು ಗದರಿದ್ದೂ ಉಂಟು.

ಈಗ ಕಲ್ಲು ಹಿಡಿದು ಕೂತಾಗ ಅವಳಿಗೆ ಅಳುವಿಗಿಂತ ಮೊದಲು ಕೋಪ ಬಂತು. ಒಂಬತ್ತು ವರ್ಷದಲ್ಲಿ ಒಂದೇ ಒಂದು ಸಲ ಬಾಯಿ ಬಿಟ್ಟು ಹೇಳಿದ್ದರೆ ಆ ಕೈಗೆ ಏನು ಬೇಕೆಂದು ತಿಳಿಯುತ್ತಿರಲಿಲ್ಲವೇ?

ಪಂಚೆಯನ್ನು ಕಳಿಸಿ, ಹಾರ ಹಿಡಿದು ಬಂದಿದ್ದ ಸುಂದರೇಶನನ್ನು ಅಡಿಗೆಮನೆಗೆ ಕರೆದಳು. ಈಗ ಕಲ್ಲಿನ ಕೋಣೆ ನೋಡಿಕೊಳ್ಳುವವನು ಅವನೇ. ಕಲ್ಲು ಕಂಡು ಅವನ ಮುಖ ಬಿಳಿಚಿತು. "ಗಂಟೆ ಹೊಡೆದು ಬಂದು ಕಿಟಕೀಲಿ ನೋಡೋರು ಕಣಮ್ಮ. ಆ ಜಾಗಕ್ಕೆ ಬೇರೇದು ಇಡಬೇಡ ಅನ್ನೋರು. ಇನ್ನೂ ಖಾಲಿ ಇದೆ," ಎಂದ. ಆಮೇಲೆ ದನಿ ತಗ್ಗಿಸಿ, ಯಾರಿಗೂ ಹೇಳುವುದು ಬೇಡ, ನಾಳೆ ತಾನೇ ಗುಟ್ಟಾಗಿ ಇಟ್ಟುಬಿಡುತ್ತೇನೆ ಎಂದ.

ನೀಲಮ್ಮನಿಗೆ ಒಂದು ಕ್ಷಣ ಆಸೆಯಾಯಿತು. ಗಂಡನ ಹೆಸರೂ ಉಳಿಯುತ್ತದೆ, ತನ್ನ ಆಣೆಯೂ ಉಳಿಯುತ್ತದೆ. ಆದರೆ ಕಲ್ಲಿನ ಕೋಣೆಯ ಬೀಗದ ಕೈ ಈಗ ಇವನ ಕೈಯಲ್ಲಿ. ಕಲ್ಲು ಎಲ್ಲಿಂದ ಬಂತು ಎಂದು ನಾಳೆ ಹಿಡಿಯುವುದು ಇವನನ್ನೇ. ಇವನ ಹೆಂಡತಿಯೂ ಯಾವುದೋ ನಲ್ಲಿಯ ಹತ್ತಿರ ಲಿಂಗ ಮುಟ್ಟಬೇಕಾದೀತು.

ಅವಳು ಕಲ್ಲನ್ನು ಹಿಡಿದು ಪಡಸಾಲೆಗೆ ಬಂದು, ಇದು ಕಾಲೇಜಿನದು, ನಮ್ಮ ಟ್ರಂಕಿನಲ್ಲಿತ್ತು ಎಂದಳು. ಗುಸುಗುಸು ಎದ್ದಿತು. ಮೈದುನ ಶಿವಲಿಂಗಯ್ಯ ಎದ್ದು ನಿಂತ.

"ಅತ್ತಿಗೆ, ಮಣ್ಣಿಗೆ ಹೋಗೋ ದಿನ ಅಣ್ಣನ ಮೇಲೆ ಕಳ್ಳ ಅಂತ ಹೊರಿಸ್ತೀರಾ?"

"ತಂದಿದ್ದು ನಿಜ. ಮಾರ್ಲಿಲ್ಲ. ಅದನ್ನ ಉಳಿಸೋಕೆ ತಂದ್ರು, ವಾಪಸ್ ಇಡೋಕಾಗ್ದೆ ಸತ್ರು," ಎಂದಳು ನೀಲಮ್ಮ. "ನಾನಿಟ್ಟ ಆಣೇನೂ ಸುಳ್ಳೇ. ಅದನ್ನೂ ತಿಳ್ಕೊಳ್ಳಿ."

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಮೂಲೆಯಲ್ಲಿ ಯಾರೋ ಗೊಣಗಿದರು. ಗುರುಸಿದ್ದಯ್ಯನವರು ಏಕಾಂತಯ್ಯನ ಎಡಗೈ ಬಿಡಿಸಿ ಲಿಂಗವಿಟ್ಟು ಬಟ್ಟೆ ಸುತ್ತತೊಡಗಿದರು.

ಈಗಲೇ ಒಯ್ಯು ಎಂದು ಅವಳು ಸುಂದರೇಶನಿಗೆ ಕೊಟ್ಟಳು. ಅವನ ಬಳಿ ಚೀಲ ಇರಲಿಲ್ಲ. ಬಿದ್ದೀತೆಂಬ ಹೆದರಿಕೆಯಿಂದ ಎಡ ಅಂಗೈಯಲ್ಲಿಟ್ಟು, ಬಲಗೈ ಮರೆ ಮಾಡಿ, ಎದೆಯ ಮಟ್ಟಕ್ಕೆ ಹಿಡಿದು ಮೆಲ್ಲಗೆ ಮೆಟ್ಟಿಲಿಳಿದ. ತಡವಾಗಿ ಹೂ ಹಿಡಿದು ಬರುತ್ತಿದ್ದ ಗಿರಿಜಾಂಬಾ ಅವನ ಕೈ ಕಂಡು ಚಪ್ಪಲಿ ಕಳಚಿ ಪಕ್ಕಕ್ಕೆ ಸರಿದಳು, ಹೂವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ತಲೆಬಾಗಿ ಕೈಮುಗಿದಳು, ಅವನು ಬೀದಿಯ ತಿರುವು ದಾಟುವವರೆಗೂ ಹಾಗೇ ನಿಂತಿದ್ದಳು.