ಚೌಕ ಕಾಂಡ

ಗಂಡನ ಅಂತ್ಯಕ್ರಿಯೆ ಮುಗಿದು ನೆಂಟರೂ ಹೊರಟುಹೋದ ಮೇಲಿನ ಮೊದಲ ಬೆಳಗ್ಗೆ ಕಸದ ಗಾಡಿ ಎಂದಿನ ಹೊತ್ತಿಗೇ ಬಂತು. ಅವಳು ಬುಟ್ಟಿ ಖಾಲಿ ಮಾಡಿ ಬಂದು ಅವನ ಮೇಜು ಒರೆಸಲು ಹೋದಳು. ಹಳೆಯ ಪತ್ರಿಕೆಗಳ ನಡುವೆ ವಿಶ್ವವಿದ್ಯಾಲಯದ ಸಸ್ಯಸಂಗ್ರಹದ ಹಾಳೆಯೊಂದು ಸಿಕ್ಕಿತು: ಒತ್ತಿ ಒಣಗಿಸಿದ ನೇರಳೆ ಹೂವಿನ ಗಿಡ, ಮೂಲೆಯಲ್ಲಿ ಅವನ ಕೈಬರಹದ ಚೀಟಿ, ಅದರಲ್ಲಿ ಗಿಡದ ಹೆಸರು, ಕೆಳಗೆ 'ಇಲ್ಲಿನದೇ ಗಿಡ.'

ಆ ಚೀಟಿಯನ್ನು ನಂಬಿ ಮೂರು ವರ್ಷ ಊರಾಚೆಯ ಜೌಗಿನಲ್ಲಿ ಯಾರೂ ಅದನ್ನು ಕೀಳಲಿಲ್ಲ. ಈಗ ಅಲ್ಲಿ ಜೊಂಡಿಲ್ಲ, ನೀರುಕೋಳಿಯಿಲ್ಲ, ಬರೀ ನೇರಳೆ.

ನಾಲ್ಕು ತಿಂಗಳ ಹಿಂದೆ ಅವಳು ಹೇಳಿದ್ದಳು, ಇದು ಹೊರಗಿಂದ ಬಂದ ಕಳೆ ಅಂತ. ಅವಳೂ ಅವನಂತೆ ಸಸ್ಯಶಾಸ್ತ್ರ ಓದಿದವಳು. ಅವನು ನಕ್ಕಿದ್ದ. "ಅಡುಗೆಮನೆ ಕಿಟಕಿಯಿಂದ ಜೌಗು ಚೆನ್ನಾಗಿ ಕಾಣುತ್ತೆ ಅನ್ನು." ಆಮೇಲೆ ಒಂದು ವಾರ ಮಾತಿರಲಿಲ್ಲ.

ಅವಳು ಒಣಕಾಂಡದ ಮೇಲೆ ಉಗುರು ಆಡಿಸಿದಳು. ಅಂಚು ತಾಗಿತು. ಇದನ್ನೇ ಹೋಲುವ ಇಲ್ಲಿನ ಗಿಡದ ಕಾಂಡ ದುಂಡು, ಇದು ಚೌಕ. ಎಲೆಗಳೂ ಎದುರುಬದುರು. ಕಣ್ಣು ಮುಚ್ಚಿ ಸವರಿದರೂ ತಿಳಿಯುವ ವ್ಯತ್ಯಾಸ. ಇನ್ನೊಂದು ವಾರಕ್ಕೆ ಜೌಗಿನಲ್ಲಿ ಬೀಜ ಸಿಡಿಯುತ್ತದೆ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಏನಮ್ಮ ಅದು?"

"ತಪ್ಪು ಹೆಸರು ಬರೆದಿದ್ದಾರೆ ಅತ್ತೆ. ತಿದ್ದಿ ಕೊಟ್ಟು ಬರ್ತೀನಿ."

"ಮಣ್ಣಿನ್ನೂ ಆರಿಲ್ಲ, ಆಗಲೇ ತಪ್ಪು ಹುಡುಕೋಕೆ ಕೂತ್ಯಾ? ಜೌಗಿನ ಹತ್ರ ಅವನ ಹೆಸರಿನ ಫಲಕ ಹಾಕ್ತಾರಂತೆ. ಅದಾದ್ರೂ ಉಳೀಲಿ. ಒಂದು ತಿಂಗಳು ಬಾಯಿಗೆ ಬೀಗ ಹಾಕ್ಕೋ."

"ಬೀಜ ಕಾಯಲ್ಲ ಅತ್ತೆ."

"ಅವನಿದ್ದಾಗ ಗೆಲ್ಲೋಕಾಗ್ಲಿಲ್ಲ. ಈಗ ಗೆದ್ಕೋ."

ಅವಳು ಹಾಳೆಯನ್ನು ಎರಡು ರಟ್ಟುಗಳ ನಡುವೆ ಇಟ್ಟು ಕಟ್ಟಿದಳು. ಅತ್ತೆ ಹೇಳಿದ್ದು ಪೂರ್ತಿ ಸುಳ್ಳೂ ಆಗಿರಲಿಲ್ಲ.

ಸಸ್ಯಸಂಗ್ರಹದಲ್ಲಿ ಒಂದು ಪದ್ಧತಿಯಿದೆ. ಹಳೆಯ ಚೀಟಿಯನ್ನು ಕೀಳುವಂತಿಲ್ಲ. ಅದರ ಮೇಲ್ಗಡೆ ಸರಿಯಾದ ಹೆಸರಿನ ಚೀಟಿ ಅಂಟಿಸಿ, ತಿದ್ದಿದವರು ತಾರೀಖು ಹಾಕಿ ಸಹಿ ಮಾಡಬೇಕು. ತಪ್ಪೂ ತಿದ್ದುಪಡಿಯೂ ನೂರು ವರ್ಷ ಒಟ್ಟಿಗಿರುತ್ತವೆ. ಅವಳ ಸಂಸಾರ ಅಷ್ಟು ಬಾಳಲಿಲ್ಲ.

ಸಂಗ್ರಹದ ಮೇಲ್ವಿಚಾರಕಿಗೆ ಎಲ್ಲರ ಬಾಯಲ್ಲೂ ಗೋಂದಮ್ಮ ಎಂದೇ ಹೆಸರು. ಅವಳು ಬರೆದು ತಂದ ಹೊಸ ಚೀಟಿಯನ್ನು ಅವರು ಎರಡು ಸಲ ಓದಿದರು. ಗೋಂದಿನ ಬಟ್ಟಲನ್ನು ಅವಳತ್ತ ತಳ್ಳಿದರು.

"ನೀವೇ ಅಂಟಿಸಿ. ಜೌಗು ನೋಡ್ಕೊಳ್ಳೋರಿಗೆ ಈಗಲೇ ಫೋನ್ ಮಾಡ್ತೀನಿ, ನಾಳೆಯಿಂದಾನೇ ಕೀಳಲಿ." ಆಮೇಲೆ ರಿಜಿಸ್ಟರ್ ತೆರೆದರು. "ವಾಪಸ್ ಬಂತು ಅಂತ ಇಲ್ಲೊಂದು ಸಹಿ."

ಅವನು ಹಾಳೆಯನ್ನು ಕೊಂಡೊಯ್ಯುವಾಗ ಬರೆದ ಸಾಲು ಅಲ್ಲೇ ಇತ್ತು. ಕಾರಣ: 'ಕಾಂಡ ಮತ್ತೆ ನೋಡಬೇಕು.' ತಾರೀಖು ಆ ಜಗಳದ ಮರುದಿನದ್ದು.

"ಹೇಳೋಕೆ ಟೈಮೇ ಸಿಗಲಿಲ್ವೇನೋ, ಪಾಪ," ಅಂದರು ಗೋಂದಮ್ಮ.

"ನಾಲ್ಕು ತಿಂಗಳಿತ್ತು," ಎಂದು ಅವಳು ಸಹಿ ಹಾಕಿದಳು.